ಅರಬಸ್ತಾನದ ದಾರಿ

ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜಪೆಯಿಂದ ದುಬೈಗೆ ಆಕಾಶಮಾರ್ಗ ಸುಮಾರು 2,450 ಕಿಲೋಮೀಟರ್. ವಿಮಾನಕ್ಕೆ ಮೂರೂವರೆ ಗಂಟೆ ಸಾಕು. ಹೊನ್ನಾವರದಲ್ಲಿ ವರ್ಷಗಟ್ಟಲೆ ಇತಿಹಾಸ ಪಾಠ ಹೇಳಿದ ನನಗೆ ಈ ಲೆಕ್ಕ ಅಪೂರ್ಣ ಅನ್ನಿಸುತ್ತದೆ. ಭಟ್ಕಳದವರು ಬಜಪೆ ಮುಟ್ಟಲು ಹೆದ್ದಾರಿಯಲ್ಲಿ 140 ಕಿಲೋಮೀಟರಿನಷ್ಟು ಹೋಗಬೇಕು. ಹೊನ್ನಾವರದವರಿಗೆ ಅದಕ್ಕಿಂತ ನಲವತ್ತು, ಕುಮಟೆಯವರಿಗೆ ಅರವತ್ತು ಹೆಚ್ಚು. ಒಂದು ಕಾಲಕ್ಕೆ ಅರಬಸ್ತಾನದ ದಾರಿ ನಮ್ಮ ಅಳಿವೆಯ ಬಾಯಿಂದಲೇ ಶುರುವಾಗುತ್ತಿತ್ತು.

ಆಗ ದೂರವನ್ನು ನಿರ್ಧರಿಸುತ್ತಿದ್ದದ್ದು ಗಾಳಿ. ಮಳೆಗಾಲದ ಕೊನೆಯ ಪಡುಗಾಳಿ ಹಿಡಿದು ಬಂದ ಹಡಗು, ದೀಪಾವಳಿ ಕಳೆದ ಮೇಲೆ ಬೀಸುವ ಈಶಾನ್ಯದ ಗಾಳಿಗೆ ಕಾದು ಮರಳಬೇಕಿತ್ತು. ನಡುವಿನ ಆ ತಿಂಗಳುಗಳಲ್ಲಿ ವ್ಯಾಪಾರ, ನೆಂಟಸ್ತಿಕೆ ಎರಡೂ ಬೆಳೆದವು. ತಮ್ಮ ಹಿರಿಯರು ಹೀಗೆ ಬಂದ ಅರಬ್ ವರ್ತಕರು ಎಂದು ಭಟ್ಕಳದ ನವಾಯತ ಮುಸ್ಲಿಮರು ಹೇಳುತ್ತಾರೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಇಳಿಯುತ್ತಿದ್ದ ಬಂದರುಗಳಲ್ಲಿ ಭಟ್ಕಳವೂ ಒಂದು. 14ನೇ ಶತಮಾನದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡದ್ದಾಗಿ ಬರೆದ. ಕಡಲು ಸರಕಿನ ಜೊತೆ ಓದನ್ನೂ ತಂದಿತ್ತು.

19ನೇ ಶತಮಾನದಲ್ಲಿ ಸರದಿ ಕುಮಟೆಯದು. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು. ಇಂಗ್ಲೆಂಡಿನ ಪೇಟೆಯಲ್ಲಿ ಅದರ ಹೆಸರೇ ಕುಮಟಾ ಹತ್ತಿ. ಹತ್ತಿಯ ಈ ಕಾಲದಲ್ಲೇ, 1862ರಲ್ಲಿ, ನಮ್ಮ ಉತ್ತರ ಕನ್ನಡ ಜಿಲ್ಲೆ ಮದ್ರಾಸಿನಿಂದ ಮುಂಬಯಿ ಆಡಳಿತಕ್ಕೆ ಸೇರಿತು. ಮುಂದೆ ಮರ್ಮಗೋವೆಯ ರೈಲು ಬಂದು ಹತ್ತಿಯನ್ನು ಆ ಕಡೆ ಸೆಳೆದಾಗ ಕುಮಟೆಯ ಬಂದರು ಸೊರಗಿತು.

ಆಮೇಲೆ ಪರದೇಶಕ್ಕೆ ಹೊರಟವರಿಗೆಲ್ಲ ಮುಂಬಯಿಯೇ ಬಾಗಿಲು. ಆಗಬೋಟಿನಲ್ಲೋ, ಮುಂದೆ ಬಸ್ಸಿನಲ್ಲೋ ಅಲ್ಲಿಗೆ ತಲುಪಿ, ಕೊಲ್ಲಿಗೆ ಹೋಗುವ ಹಡಗು ಹಿಡಿಯಬೇಕಿತ್ತು. ‘ದ್ವಾರಕಾ’ ಎಂಬ ಹಡಗು 1982ರವರೆಗೂ ಆ ದಾರಿಯಲ್ಲಿ ಓಡಾಡಿತು. ದುಬೈ ವಿಮಾನ ನಿಲ್ದಾಣ ಶುರುವಾದದ್ದು 1960ರಲ್ಲಿ; ತೈಲದ ಹಣ ಹರಿದ ಮೇಲೆ ಕರಾವಳಿಯ ಹುಡುಗರು ಸಾಲುಸಾಲಾಗಿ ಹೊರಟರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿ ಮುಂಬಯಿ ಹತ್ತಿರವಾಯಿತು. 2006ರಲ್ಲಿ ಮಂಗಳೂರಿನಿಂದಲೇ ದುಬೈ ವಿಮಾನ ಹಾರಿದಾಗ ಮುಂಬಯಿಯ ಸುತ್ತು ತಪ್ಪಿತು.

ನನ್ನ ತರಗತಿಯಲ್ಲಿ ಅಪ್ಪ ಕೊಲ್ಲಿಯಲ್ಲಿದ್ದ ಮಕ್ಕಳು ಯಾವಾಗಲೂ ಇದ್ದರು. ಪಠ್ಯದಲ್ಲಿ ವಾಸ್ಕೋ ಡ ಗಾಮನ ದಾರಿ ಓದಿದ ಅವರಿಗೆ ಸ್ವಂತ ಅಜ್ಜನ ದಾರಿ ಗೊತ್ತಿರಲಿಲ್ಲ. ಹಡಗಿನಲ್ಲಿ ಹೋದವರು ಈಗ ಹಣ್ಣು ಮುದುಕರು. ಟಿಕೆಟಿಗೆ ಸಾಲ ಕೊಟ್ಟವರು ಯಾರು, ಡೆಕ್ಕಿನಲ್ಲಿ ಏನು ಉಂಡರು, ಮೊದಲ ಕಾಗದ ಮನೆಗೆ ಎಷ್ಟು ದಿನಕ್ಕೆ ಬಂತು ಎಂಬುದನ್ನು ಅವರೇ ಹೇಳಬೇಕು. ಮೂರೂ ತಾಲೂಕಿನ ಶಾಲೆಗಳು ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು ಈ ವರ್ಷವೇ ಅವರ ಬಳಿಗೆ ಕಳಿಸಲಿ. ನಮ್ಮ ಊರುಗಳ ಇತಿಹಾಸದಲ್ಲಿ ಇನ್ನೂ ಬರೆಯದೆ ಉಳಿದಿರುವ ಅಧ್ಯಾಯ ಅವರ ನೆನಪಿನಲ್ಲಿದೆ.