ಶಂಕುಗಳ ನಡುವಿನ ಪಥ

1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕವು, 1952ರಲ್ಲಿ ವಾಟ್ಕಿನ್ಸ್ ಗ್ಲೆನ್ ಊರಿನ ಬೀದಿಪಂದ್ಯದಲ್ಲಿ ಬಾಲಕನೊಬ್ಬ ಮಡಿದ ತರುವಾಯ, ಸೇನಾಪತಿ ಕರ್ಟಿಸ್ ಲೆಮೇಯವರ ಸಮ್ಮತಿಯಿಂದ ವಾಯುಸೇನೆಯ ನೆಲೆಗಳಲ್ಲಿ ಆಶ್ರಯ ಪಡೆಯಿತು. ಆ ವೈಭವದ ಪಂದ್ಯಗಳಿಗಿಂತ ನನ್ನ ಮನಸ್ಸನ್ನು ಹೆಚ್ಚಾಗಿ ಸೆಳೆಯುವುದು, ಸಾಮಾನ್ಯನೂ ತನ್ನ ದಿನಬಳಕೆಯ ಕಾರನ್ನೇ ತಂದು, ತೆರವಾದ ನಿಲುಗಡೆಯ ಬಯಲಿನಲ್ಲಿ ಹರಡಿದ ಶಂಕುಗಳ ನಡುವೆ ಕಾಲದೊಡನೆ ಏಕಾಂಗಿಯಾಗಿ ಸೆಣಸುವ ಆಟೋಕ್ರಾಸ್. ಇದಕ್ಕೆ ಸಂಘದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಲಭಿಸಿದುದು 1973ರಲ್ಲಿ.

ಹೊಸಬನ ಸಿದ್ಧತೆಯು ಒಂದು ವ್ರತಾಚರಣೆಯಂತೆಯೇ ಸರಿ: ಕಾರಿನೊಳಗಣ ಬಿಡಿ ವಸ್ತುಗಳನ್ನೆಲ್ಲ ಹೊರತೆಗೆದು, ಚಕ್ರದ ನಟ್ಟುಗಳನ್ನು ಬಿಗಿದು, ಬ್ಯಾಟರಿ ಅಲುಗದಂತಿದೆಯೇ, ಬ್ರೇಕು ದೃಢವಾಗಿದೆಯೇ ಎಂಬ ಪರೀಕ್ಷೆಗೆ ಒಪ್ಪಿಸಿ, ಬಾಗಿಲಿಗೆ ಅಂಕಿ ಅಂಟಿಸಿ, ಅನಂತರ ಪಥವನ್ನು ಕಾಲ್ನಡಿಗೆಯಲ್ಲೇ ಸುತ್ತಿ ಕಂಠಸ್ಥ ಮಾಡಿಕೊಳ್ಳಬೇಕು. ಈ ನಡಿಗೆಯೇ ಇಡೀ ವಿದ್ಯೆಯ ತಿರುಳೆಂದು ನನ್ನ ಭಾವನೆ. ಏಕೆಂದರೆ ಚಾಲಕನ ಆಸನದಿಂದ ನೋಡಲು ಶಂಕುಗಳೆಲ್ಲ ಒಂದರೊಳಗೊಂದು ಬೆರೆತು, ಹಾದಿಯೇ ಮಾಯವಾದಂತೆ ತೋರುವ ಆ ಪ್ರಥಮ ಓಟದಲ್ಲಿ, ಕಣ್ಣಿಗಿಂತ ಸ್ಮೃತಿಯೇ ಮುಂದಾಗಿ ನಡೆಸುವುದು. ಕೆಡವಿದ ಪ್ರತಿಯೊಂದು ಶಂಕುವಿಗೂ ಸಮಯದ ದಂಡವುಂಟು. ಇತರರು ಉರುಳಿಸಿದುದನ್ನು ಮತ್ತೆ ಎತ್ತಿ ನಿಲ್ಲಿಸಲು, ತನ್ನ ಸರದಿಯಿಲ್ಲದ ಹೊತ್ತಿನಲ್ಲಿ ಸ್ಪರ್ಧಿಯೇ ಬಯಲಿನ ಬಿಸಿಲಿಗೆ ಹೋಗಿ ನಿಲ್ಲುವನು.