ಸ್ಪಾರ್ಕ್ ಪ್ಲಗ್ ನುಡಿದ ಸಾಕ್ಷಿ

"ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ" ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಕಾರಿನ ಸ್ಪಾರ್ಕ್ ಪ್ಲಗ್ ಮೇಲಿಂದ ಮೇಲೆ ಕೆಟ್ಟಾಗ ನಾವು ಮಾಡುವುದೂ ಅದನ್ನೇ. ಇಂಜಿನ್ ಮಿಸ್ ಹೊಡೆಯುತ್ತದೆ, ಹಿಂದಿನ ಕೊಳವೆಯಲ್ಲಿ ಪಟಾಕಿ ಸಿಡಿದಂತೆ ಸದ್ದಾಗುತ್ತದೆ. ಹೊಸ ಪ್ಲಗ್ ಹಾಕಿಸುತ್ತೇವೆ. ನಾಲ್ಕು ವಾರ ಕಳೆಯುವುದರೊಳಗೆ ಮತ್ತೆ ಅದೇ ಪಾಡು!

ಪಳಗಿದ ಮೆಕ್ಯಾನಿಕ್ ಮೊದಲು ಹಳೆಯ ಪ್ಲಗ್ಗನ್ನು ಬಿಚ್ಚಿ, ವೈದ್ಯರು ನಾಲಿಗೆ ನೋಡುವಂತೆ ಅದರ ತುದಿಯನ್ನು ನೋಡುತ್ತಾನೆ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ಎಲ್ಲವೂ ಕ್ಷೇಮ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚಾಗಿದೆ, ಇಲ್ಲವೇ ಕಿಡಿ ದುರ್ಬಲವಾಗಿದೆ. ಎಣ್ಣೆಯ ಜಿಡ್ಡಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಬೆಳ್ಳಗೆ ಸುಟ್ಟಂತಿದ್ದರೆ ಇಂಜಿನ್ ಅತಿಯಾಗಿ ಕಾಯುತ್ತಿದೆ. ಊರಿನಲ್ಲಿ ಟೂ-ಸ್ಟ್ರೋಕ್ ಸ್ಕೂಟರ್ ಇಟ್ಟುಕೊಂಡು ರಸ್ತೆ ಬದಿಯಲ್ಲಿ ಪ್ಲಗ್ ಉಜ್ಜಿದವರಿಗೆ ಇದು ಹೊಸದಲ್ಲ. ಪ್ಲಗ್ ಅಪರಾಧಿಯಲ್ಲ, ಸಾಕ್ಷಿ. ಈ ಸಾಕ್ಷಿಯ ಮಾತನ್ನು ಅರ್ಧವೇ ಕೇಳಿದ್ದರಿಂದ ಜಗತ್ತು ತೆತ್ತ ಬೆಲೆಯ ಕಥೆ ಇಲ್ಲಿದೆ.

1860ರಲ್ಲಿ ಪ್ಯಾರಿಸ್ಸಿನಲ್ಲಿ ಎತ್ಯೆನ್ ಲೆನ್ವಾರ್ ತನ್ನ ಗ್ಯಾಸ್ ಇಂಜಿನ್ನಿನಲ್ಲಿ ವಿದ್ಯುತ್ ಕಿಡಿಯನ್ನು ಬಳಸಿದ. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಹೈ-ವೋಲ್ಟೇಜ್ ಮ್ಯಾಗ್ನೆಟೋ ಮತ್ತು ಅದಕ್ಕೆ ತಕ್ಕ ಪ್ಲಗ್ಗನ್ನು ರೂಪಿಸಿದ. ಅಮೆರಿಕದಲ್ಲಿ ಚಾರ್ಲ್ಸ್ ಕೆಟರಿಂಗ್ ಬ್ಯಾಟರಿಯಿಂದ ಕಿಡಿ ಕೊಡುವ ಏರ್ಪಾಡು ಮಾಡಿದ. ಆಗ ಇಂಜಿನ್ನುಗಳಲ್ಲಿ 'ನಾಕಿಂಗ್' ಎಂಬ ಲೊಟಗುಟ್ಟುವ ಸದ್ದು ದೊಡ್ಡ ತಲೆನೋವಾಗಿತ್ತು. ಎಲ್ಲರೂ ಕೆಟರಿಂಗನ ಇಗ್ನಿಷನ್ನನ್ನೇ ದೂರಿದರು. ಮತ್ತೆ ಎಮ್ಮೆಗೇ ಬರೆ! ನಿಜವಾದ ದೋಷವಿದ್ದದ್ದು ಪೆಟ್ರೋಲ್ ಉರಿಯುವ ರೀತಿಯಲ್ಲಿ. ಅದನ್ನು ಅರಿತ ಕೆಟರಿಂಗ್, ಮದ್ದು ಹುಡುಕುವ ಕೆಲಸವನ್ನು ಥಾಮಸ್ ಮಿಜ್ಲಿಗೆ ವಹಿಸಿದ. 1921ರ ಡಿಸೆಂಬರ್‌ನಲ್ಲಿ ಮಿಜ್ಲಿಗೆ ಮದ್ದು ಸಿಕ್ಕಿತು: ಟೆಟ್ರಾಈಥೈಲ್ ಲೆಡ್, ಅಂದರೆ ಸೀಸದ ಒಂದು ಸಂಯುಕ್ತ. 1923ರ ಫೆಬ್ರವರಿಯಲ್ಲಿ ಒಹಾಯೋದ ಡೇಟನ್ ಊರಿನಲ್ಲಿ ಸೀಸ ಬೆರೆತ ಪೆಟ್ರೋಲ್ ಮಾರಾಟಕ್ಕೆ ಬಂತು.

ಸದ್ದು ನಿಂತಿತು. ಆದರೆ ಉರಿದ ಸೀಸ ಒಳಗೇ ಕೂತು ಪ್ಲಗ್ಗುಗಳನ್ನೂ ವಾಲ್ವುಗಳನ್ನೂ ಹಾಳುಮಾಡತೊಡಗಿತು. ಇಂಜಿನಿಯರುಗಳು ಪ್ಲಗ್ಗಿನ ಸಾಕ್ಷಿಯನ್ನು ಕೇಳಿಸಿಕೊಂಡರು. ಪೆಟ್ರೋಲಿಗೆ ಎಥಿಲೀನ್ ಡೈಬ್ರೋಮೈಡ್ ಸೇರಿಸಿದರು. ಸೀಸವು ಬ್ರೋಮಿನ್ ಜೊತೆ ಕೂಡಿ ಹೊಗೆಯೊಂದಿಗೆ ಹೊರಗೆ ಹೋಗುವಂತಾಯಿತು. ಪ್ಲಗ್ ಉಳಿಯಿತು. ಇಂಜಿನ್ನಿನಿಂದ ಹೊರಬಿದ್ದ ಸೀಸ ಎಲ್ಲಿಗೆ ಹೋಯಿತು? ಗಾಳಿಗೆ, ಮಣ್ಣಿಗೆ, ಮಕ್ಕಳ ರಕ್ತಕ್ಕೆ.

ಎಚ್ಚರಿಕೆ ಸಿಗದೆ ಇರಲಿಲ್ಲ. 1924ರ ಅಕ್ಟೋಬರ್‌ನಲ್ಲಿ ನ್ಯೂಜೆರ್ಸಿಯ ಬೇವೇ ರಿಫೈನರಿಯಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಬುದ್ಧಿಭ್ರಮಣೆಯಾಗಿ ಸತ್ತರು. ಅದೇ ತಿಂಗಳು ಮಿಜ್ಲಿ ಪತ್ರಕರ್ತರೆದುರು ಆ ದ್ರವದಲ್ಲಿ ಕೈ ತೊಳೆದು ತೋರಿಸಿದ. ಹಿಂದಿನ ವರ್ಷವೇ ಅವನು ಸೀಸದ ವಿಷದಿಂದ ಕಾಯಿಲೆ ಬಿದ್ದು ವಿಶ್ರಾಂತಿಗೆ ಹೋಗಿದ್ದ! 1925ರಲ್ಲಿ ವಾಷಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ ಡಾ. ಆಲಿಸ್ ಹ್ಯಾಮಿಲ್ಟನ್ ಇದನ್ನು ವಿರೋಧಿಸಿದರು. ಮರುವರ್ಷ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು.

ಭೂಮಿಯ ವಯಸ್ಸನ್ನು ಅಳೆದ ಕ್ಲೇರ್ ಪ್ಯಾಟರ್ಸನ್‌ಗೆ ತನ್ನ ಪ್ರಯೋಗಾಲಯದಲ್ಲಿ ಎಲ್ಲಿ ನೋಡಿದರೂ ಸೀಸವೇ ಅಡ್ಡಬಂತು. ಅದರ ಮೂಲ ಹುಡುಕುತ್ತಾ ಹೋದ ಆತ, 1965ರಲ್ಲಿ ಮನುಷ್ಯನೇ ಅದನ್ನು ಹರಡಿದ್ದಾನೆಂದು ಬರೆದ. 1970ರ ದಶಕದಲ್ಲಿ ಅಮೆರಿಕದಲ್ಲಿ ಸೀಸರಹಿತ ಪೆಟ್ರೋಲ್ ಬಂತು. ಆರೋಗ್ಯದ ಕಾರಣದ ಜೊತೆಗೆ ಇನ್ನೊಂದು ಕಾರಣವೂ ಇತ್ತು: 1975ರ ಮಾಡೆಲ್ ಕಾರುಗಳಿಗೆ ಬಂದ ಕ್ಯಾಟಲಿಟಿಕ್ ಕನ್ವರ್ಟರನ್ನು ಸೀಸ ಕೆಡಿಸುತ್ತಿತ್ತು. ಅಂದರೆ ಯಂತ್ರದ ಹೊಟ್ಟೆ ಕೆಟ್ಟಾಗಲೂ ನಾವು ಎಚ್ಚೆತ್ತೆವು! 1976ರಿಂದ 1980ರೊಳಗೆ ಅಮೆರಿಕನ್ನರ ರಕ್ತದಲ್ಲಿನ ಸರಾಸರಿ ಸೀಸ ಶೇಕಡಾ 37ರಷ್ಟು ಇಳಿಯಿತು. 1996ರಲ್ಲಿ ಇಲ್ಲಿ ರಸ್ತೆಯ ವಾಹನಗಳಿಗೆ ಸೀಸದ ಪೆಟ್ರೋಲ್ ನಿಷೇಧವಾಯಿತು. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ, 2000ದಲ್ಲಿ, ಭಾರತವೂ ಅದನ್ನು ಕೈಬಿಟ್ಟಿತು. ಕಾರುಗಳಿಗೆ ಅದನ್ನು ಮಾರುತ್ತಿದ್ದ ಕೊನೆಯ ದೇಶ ಅಲ್ಜೀರಿಯ, 2021ರಲ್ಲಿ ನಿಲ್ಲಿಸಿತು. ಹೆಚ್ಚುಕಡಿಮೆ ನೂರು ವರ್ಷ!

1996ರ ಮಾಡೆಲ್‌ನಿಂದ ಇಲ್ಲಿನ ಎಲ್ಲ ಕಾರುಗಳಲ್ಲೂ ಮಿಸ್ ಹೊಡೆಯುವುದನ್ನು ಪತ್ತೆಹಚ್ಚುವ ಕಂಪ್ಯೂಟರ್ ಇದೆ. ಹಳದಿ ಚೆಕ್ ಇಂಜಿನ್ ದೀಪ ಮಿಣುಕತೊಡಗಿದರೆ, ಉರಿಯದ ಪೆಟ್ರೋಲ್ ಹೊರಗೆ ಹೋಗಿ ಕನ್ವರ್ಟರಿನಲ್ಲಿ ಸುಡುತ್ತಿದೆ ಎಂದರ್ಥ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಒಂದೇ ಸಿಲಿಂಡರಿನ ಪ್ಲಗ್ ಪದೇ ಪದೇ ಕೆಡುತ್ತಿದ್ದರೆ ಅದರ ಕಾಯಿಲ್, ವೈರ್, ಇಂಜೆಕ್ಟರ್ ನೋಡಿಸಿ. ಎಲ್ಲವೂ ಒಟ್ಟಿಗೆ ಕಪ್ಪಾಗಿದ್ದರೆ ಪೆಟ್ರೋಲ್ ಮತ್ತು ಗಾಳಿಯ ಅಳತೆಯನ್ನು ಪರೀಕ್ಷಿಸಿ.

ಮುಂದಿನ ಬಾರಿ ಪ್ಲಗ್ ಬದಲಾಯಿಸಿದಾಗ ಹಳೆಯದನ್ನು ಕೇಳಿ ಪಡೆದು, ಮನೆಯ ಮಕ್ಕಳಿಗೆ ತೋರಿಸಿ. ಅದರ ತುದಿಯ ಬಣ್ಣ ಏನು ಹೇಳುತ್ತದೆಂದು ತಿಳಿಸಿ. ಇಂಜಿನ್ನಿನಿಂದ ಹೊರಗೆ ಹೋದದ್ದು ಎಲ್ಲಿಗೆ ಹೋಗುತ್ತದೆಂದೂ ಅವರು ಕೇಳಲಿ.