ಮೋಟಾರಿಲ್ಲದ ದ್ವೀಪದಾಗ ಎಂಟು ಮೈಲಿ

ಮೇ ತಿಂಗಳದಾಗ ನಾ ಮಗಳ ಮನಿಗೆ ಡೆಟ್ರಾಯಿಟ್ ಕಡೆ ಹೋಗಿದ್ದು ನಿಮಗೆಲ್ಲಾ ಗೊತ್ತದ. ವಾಪಸ್ ಬಂದಮ್ಯಾಲೆ "ಅಲ್ಲೇನು ನೋಡಿದ್ರಿ ವೈನಿ?" ಅಂತ ಕೇಳಿದವ್ರಿಗೆಲ್ಲಾ "ಸೈಕಲ್ ಹೊಡದೆ" ಅಂತಷ್ಟ ಹೇಳಿ ನಕ್ಕುಬಿಟ್ಟಿದ್ದೆ. ಅರಿಶಿಣ-ಕುಂಕುಮಕ್ಕ ಬಂದವರ ಮುಂದ ನಿಂತಕಾಲಾಗ ಹೇಳಿ ಮುಗಿಸೋ ಮಾತಲ್ಲ ಅದು. ಅದಕ್ಕ ಈಗ ಕೂತು ಬರೀಲಿಕ್ಕೆ ಹತ್ತೀನಿ.

ದ್ವೀಪದ ಹೆಸರು ಮ್ಯಾಕಿನಾ. ಬರಿಯುವಾಗ ಕಡೀಕ ಒಂದು 'ಕ್' ಹಚ್ಚತಾರ, ಅನ್ನುವಾಗ ನುಂಗತಾರ. ಮಿಶಿಗನ್ ರಾಜ್ಯದ ಉತ್ತರ ಭಾಗದಾಗ, ಹ್ಯೂರಾನ್ ಅನ್ನೋ ಸಮುದ್ರದಂಥಾ ಸರೋವರದಾಗ ಅದ. ದಂಡಿ ಮ್ಯಾಲೆ ಕಾರು ಬಿಟ್ಟು ದೋಣಿ ಹತ್ತಬೇಕು, ಯಾಕಂದ್ರ ಅಲ್ಲೆ ಕಾರಿಗೆ ಪ್ರವೇಶನ ಇಲ್ಲ. ಇಡೀ ಜಗತ್ತಿಗೆ ಕಾರು ಕಲಿಸಿದ ಡೆಟ್ರಾಯಿಟ್ ಇರೋ ರಾಜ್ಯದಾಗನ ಇಂಥಾದ್ದೊಂದು ಊರು! ದೋಣಿ ಇಳದ ಕೂಡ್ಲೇ ಮೂಗಿಗೆ ಬಡಿದಿದ್ದು ಲದ್ದಿ ವಾಸನಿ. ನನಗಂತೂ ಸಣ್ಣಾಕಿ ಇದ್ದಾಗಿನ ಧಾರವಾಡ ಸ್ಟೇಶನ್ನಿನ ಟಾಂಗಾ ಸ್ಟ್ಯಾಂಡಿನ್ಯಾಗ ಇಳದಂಗಾತು. ಚಳಿಗಾಲಕ್ಕ ಹೆಚ್ಚಿನ ಕುದುರಿಗಳನ್ನ ದೋಣಿಯೊಳಗ ಆಚಿ ದಂಡಿಗೆ ಸಾಗಸತಾರ, ವಸಂತ ಬಂದಂಗ ಮತ್ತ ನೂರಾರು ಕುದುರಿ ದೋಣಿ ಹತ್ತಿ ತಿರುಗಿ ಬರತಾವ. ನಾವು ಹೋದಾಗ ಗಾಡಿಯವರು ಅವನ್ನ ಹೊಸದಾಗಿ ಪಳಗಿಸ್ಲಿಕ್ಕೆ ಹತ್ತಿದ್ರು.

ಕಾರು ಬಂದ್ ಆಗಿದ್ದು 1898ರಾಗ. ಫೋರ್ಡ್ ಕಂಪನಿಯ ಪ್ರಸಿದ್ಧ ಮಾಡೆಲ್ ಟಿ ಬರಲಿಕ್ಕೆ ಇನ್ನೂ ಹತ್ತು ವರ್ಷ ಇತ್ತು! ಎಲ್ಲೋ ಒಂದು ಮೋಟಾರಿನ ಸಪ್ಪಳಕ್ಕ ಕುದುರಿ ಬೆದರಿದ್ವು, ಟಾಂಗಾದವರು ತಕರಾರು ಮಾಡಿದ್ರು, ಊರ ಪಂಚರು ಬ್ಯಾಡ ಅಂದ್ರು. 1901ರಾಗ ಊರ ಹೊರಗಿನ ಸರಕಾರಿ ಉದ್ಯಾನಕ್ಕೂ ಅದ ನಿಯಮ ಬಂತು. ಪರಿಸರ-ಗಿರಿಸರ ಅಂತ ಯಾರೂ ಭಾಷಣ ಮಾಡಿರಲಿಲ್ಲ ನೋಡ್ರಿ, ಟಾಂಗಾದವರ ಹೊಟ್ಟೀಪಾಡಿನ ಮಾತು, ಇವತ್ತಿಗೂ ನಡದದ. ಆಂಬುಲೆನ್ಸು, ಬೆಂಕಿ ಬಂಬಿನ ಗಾಡಿ ಅಂಥಾವನ್ನ ಬಿಟ್ಟರ, ಚಳಿಗಾಲದಾಗ ಬರ್ಫದ ಮ್ಯಾಲೆ ಓಡೋ ಗಾಡಿ ಅಷ್ಟ.

ದ್ವೀಪದ ಸುತ್ತಲೂ ನೀರಿನ ದಂಡಿಗುಂಟ ಸಪಾಟ ರಸ್ತೆ, ಎಂಟು ಮೈಲಿಗಿಂತ ಚೂರು ಹೆಚ್ಚು, ಅಂದ್ರ 13 ಕಿಲೋಮೀಟರು. ಮಗಳು ಎರಡು ಸೈಕಲ್ ಬಾಡಿಗಿ ಹಿಡದಳು. ನಾ ಮದವಿಗೆ ಮೊದಲು ಅಣ್ಣನ ಸೈಕಲ್ಲಿನ ದಂಡದೊಳಗ ಕಾಲು ತೂರಿಸಿ ಕಲತಾಕಿ. ಆಮ್ಯಾಲೆ ಮೂವತ್ತು ವರ್ಷ ಮುಟ್ಟಿದ್ದಿಲ್ಲ. ಚೂಡಿದಾರದ ಮ್ಯಾಲೆ ಎರಡು ಸ್ವೆಟರ್, ಕಿವಿಗೆ ಸ್ಕಾರ್ಫು, ಆದರೂ ಸರೋವರದ ಗಾಳಿ ಬೆರಳ ತುದಿ ಕಡೀತಿತ್ತು. ಮೊದಲನೇ ಮೈಲಿ ಎರಡು ಸಲ ಕಾಲು ಊರಿದೆ, ಮುಂದ ತಾನ ಬಂತು. ಅಡವಿಯೊಳಗ ಎಲ್ಲೆಲ್ಲೂ ಟ್ರಿಲಿಯಂ ಅನ್ನೋ ಬಿಳೇ ಹೂವು: ಮೂರ ಎಸಳು, ಮೂರ ಎಲಿ. ಬಿಲ್ವಪತ್ರಿ ನೆನಪಾತು. ಸುಣ್ಣದಕಲ್ಲಿನ ದೊಡ್ಡ ಕಮಾನು ಒಂದದ, ಮ್ಯಾಲೆ ಹತ್ತಿ ನೋಡಬೇಕು. ನನ್ನ ಮೊಣಕಾಲು ಒಲ್ಲೆ ಅಂದ್ವು, ಕೆಳಗಿಂದನ ನೋಡಿದೆ.

ವಾಯವ್ಯ ದಿಕ್ಕಿನ್ಯಾಗ 'ಬ್ರಿಟಿಷ್ ಲ್ಯಾಂಡಿಂಗ್' ಅಂತ ಜಾಗ ಬರತದ. 1812ರ ಜುಲೈ 17ಕ್ಕ ಬೆಳಗಾಗೂ ಮುಂಚೆ ಇಂಗ್ಲಿಷರು ಅಲ್ಲೆ ಇಳದು, ತೋಪು ಎಳಕೊಂಡು ಕೋಟೆಯ ಹಿಂದಿನ ಗುಡ್ಡ ಹತ್ತಿದ್ರು. ಯುದ್ಧ ಶುರುವಾಗಿ ತಿಂಗಳಾಗಿತ್ತು, ಆದ್ರ ಕೋಟೆಯೊಳಗಿನ ಅಮೇರಿಕದ ಸಿಪಾಯಿಗಳಿಗೆ ಸುದ್ದೀನ ಮುಟ್ಟಿರಲಿಲ್ಲ! ಎದ್ದು ನೋಡಿದ್ರ ತಲಿ ಮ್ಯಾಲೆ ತೋಪು. ಜಗಳಿಲ್ಲದ ಕೋಟೆ ಕೊಟ್ಟುಬಿಟ್ಟರು. ಎರಡು ವರ್ಷದ ಮ್ಯಾಲೆ ತಿರುಗಿ ತಗೊಳ್ಳಲಿಕ್ಕೆ ಬಂದು ಸೋತು ಹೋದ್ರು. ಸಂಧಾನ ಆಗಿ, 1815ಕ್ಕ ವಾಪಸ್ ಸಿಕ್ಕಿತು.

ಆದ್ರ ನಾ ಬರೀಬೇಕಂತ ಕೂತಿದ್ದು ತೋಪಿನ ಕಥಿ ಅಲ್ಲ. ಸುತ್ತು ಮುಗಿಸಿ ಊರೊಳಗ ಬಂದಾಗ ಸೇಂಟ್ ಆನ್ ಅನ್ನೋ ಚರ್ಚಿನ ಹತ್ರ ಮೊಣಕಾಲಿಗೆ ವಿಶ್ರಾಂತಿ ಕೊಡೂಣ ಅಂತ ಕೂತೆ. ಬಾಜೂಕ ಒಂದು ದೊಡ್ಡ ಬಿಳೇ ಮನಿ, ಈಗ ಅದು ಹೊಟೆಲ್. ಮದಲೇನ್ ಲಾಫ್ರಂಬ್ವಾ ಅನ್ನೋ ಹೆಣ್ಣುಮಗಳು ಕಟ್ಟಿಸಿದ ಮನಿ ಅದು. ಹುಟ್ಟಿದ್ದು 1780ರಾಗ. ಅಪ್ಪ ಫ್ರೆಂಚ್ ವ್ಯಾಪಾರಿ, ಅವ್ವ ಅಲ್ಲಿನ ಮೂಲ ಜನರ ಪೈಕಿ, ಒಡಾವಾ ಕುಲದಾಕಿ. ಗಂಡ-ಹೆಂಡತಿ ಕೂಡಿ ಹಡಗದಾಗ ನದಿಗುಂಟ ಹೋಗಿ, ಚಳಿಗಾಲ ಪೂರ್ತಿ ಬೇಟೆಗಾರರಿಂದ ತುಪ್ಪಳದ ಚರ್ಮ ಕೊಂಡು, ವಸಂತಕ್ಕ ಈ ದ್ವೀಪಕ್ಕ ತಂದು ಮಾರತಿದ್ರು. 1806ರಾಗ ದಾರಿಯೊಳಗ ಗಂಡನ ಕೊಲಿ ಆತು. ಆಕಿಗೆ ಆಗ ಇಪ್ಪತ್ತಾರು, ಎರಡು ಮಕ್ಕಳು.

ಆಕಿ ವಾಪಸ್ ಹೋಗಲಿಲ್ಲ. ಮುಂದ ನಡದಳು. ಆ ಚಳಿಗಾಲದ ವ್ಯಾಪಾರ ತಾನ ಮುಗಿಸಿ, ತನ್ನ ಹೆಸರಿಲೆ ಪರವಾನಗಿ ತಗೊಂಡು, ಮುಂದ ಹದಿನೈದು ವರ್ಷದ ಸುಮಾರು ನಡಸಿದಳು. ಫ್ರೆಂಚು, ಇಂಗ್ಲಿಷು, ಒಡಾವಾ, ಒಜಿಬ್ವೆ, ನಾಕೂ ಭಾಷಿ ಬರತಿದ್ವು, ಓದು-ಬರಹ ಮಾತ್ರ ಬರತಿದ್ದಿಲ್ಲ. ಕಡೀಕ ಆಸ್ಟರ್ ಅನ್ನೋ ಶ್ರೀಮಂತನ ಕಂಪನಿಗೆ ವ್ಯಾಪಾರ ಮಾರಿ, ಈ ಮನಿಯೊಳಗ ಕೂತು, ನಲವತ್ತು ದಾಟಿದಮ್ಯಾಲೆ ಓದೂದು ಬರಿಯೋದು ಕಲತಳು. ಮಗಳನ್ನ ಕೋಟೆಯ ಅಧಿಕಾರಿ ಪಿಯರ್ಸ್‌ಗೆ ಕೊಟ್ಟಿದ್ಳು. ಅಂವನ ತಮ್ಮ ಮುಂದ ಅಮೇರಿಕದ ಅಧ್ಯಕ್ಷ ಆದ. ಆದ್ರ ಅದನ್ನ ನೋಡಲಿಕ್ಕೆ ಮಗಳೂ ಉಳೀಲಿಲ್ಲ, ಮದಲೇನಳೂ ಇರಲಿಲ್ಲ. ಚರ್ಚಿಗೆ ತನ್ನ ಜಾಗ ಕೊಟ್ಟು, ಸತ್ತಮ್ಯಾಲೆ ಅದರ ಪೂಜಾಪೀಠದ ಕೆಳಗ ತನ್ನನ್ನ ಇಡಬೇಕು ಅಂತ ಕರಾರು ಮಾಡಿಕೊಂಡಿದ್ಳು. 1846ರಾಗ ತೀರಿಕೊಂಡಾಗ ಹಂಗ ಮಾಡಿದ್ರು.

ನನ್ನ ಅವ್ವನ ಅವ್ವ ಇಪ್ಪತ್ನಾಕಕ್ಕ ಗಂಡನ್ನ ಕಳಕೊಂಡಾಕಿ. ಅಜ್ಜಂದು ಹಳ್ಳಿಯೊಳಗ ಅರಿವಿ ಅಂಗಡಿ ಇತ್ತು. ಯಾರಿಗೆ ಎಷ್ಟು ಉದ್ರಿ, ಯಾವ ಸೀರಿ ಎಲ್ಲಿಂದ ಬಂತು ಎಲ್ಲಾ ಅಜ್ಜಿ ಬಾಯಾಗ ಇತ್ತಂತ. ಆಕಿಗೆ ಕೆಂಪು ಸೀರಿ ಉಡಿಸಿ ಮಡಿ ಅಡಗಿಗೆ ಹಚ್ಚಿದ್ರು. ಅಂಗಡಿ ಮೈದುನನ ಕೈಗೆ ಹೋಗಿ ಮೂರು ವರ್ಷದಾಗ ಮುಚ್ಚಿತು. ಅಜ್ಜಿ ಕಡೀತನಕ ಇದ್ದಲಿಯಿಂದ ಗ್ವಾಡಿ ಮ್ಯಾಲೆ ಗೀಟು ಎಳದು ಹಾಲಿನ ಲೆಕ್ಕ ಇಡತಿದ್ಳು. ಒಂದು ದಿವಸ ತಪ್ಪಿದ್ದಿಲ್ಲ.

ಅಲ್ಲೆ ಕೂತಾಗ ಗ್ವಾಡಿ ಮ್ಯಾಲಿನ ಆ ಗೀಟು ಕಣ್ಣ ಮುಂದ ಬಂದ್ವು. ಮಗಳು "ಅಮ್ಮಾ, ಥಂಡಿ ಹತ್ತಿತೇನು?" ಅಂದ್ಳು. ಹೂಂ ಅಂದೆ.

ಸೈಕಲ್ ಕೊಟ್ಟು, ದೋಣಿಗೆ ಹೊತ್ತಿತ್ತು ಅಂತ ಫಡ್ಜ್ ತಗೊಂಡೆ. ಸಂಗಮರವರಿ ಕಲ್ಲಿನ ಮ್ಯಾಲೆ ಸುರುವಿ, ಉದ್ದನ್ನ ಉಚಟಗಿಯಿಂದ ಮಡಚಿ ಮಡಚಿ ಮಾಡತಾರ, ನೋಡಲಿಕ್ಕೆ ಛಂದ. ನಮ್ಮ ಪೇಢಾದ ಮುಂದ ಏನೂ ಅಲ್ಲ ಬಿಡ್ರಿ, ಬರೇ ಸಕ್ಕರಿ.

ರಾತ್ರಿ ಅವ್ವಗ ಫೋನ್ ಹಚ್ಚಿ ಮದಲೇನಳ ಕಥಿ ಎಲ್ಲಾ ಹೇಳಿದೆ. ಭಾಳ ಹೊತ್ತು ಸುಮ್ಮನಿದ್ಳು. ಆಮ್ಯಾಲೆ ಕೇಳಿದ್ಳು, "ಆಕಿಗೆ ಮೈದುನರು ಇರಲಿಲ್ಲೇನು?"